ಆಪ್ಷನ್ಸ್ ಕಲಿಯುವ ಮೊದಲು ಎದುರಿಗೆ ಯಾರಿದ್ದಾರೆಂದು ನೋಡಿ

ಮೊನ್ನೆ ಅಸರ್ ನಮಾಝ್ ಮುಗಿಸಿ ಬರುವಾಗ ಪಕ್ಕದ ಮನೆಯ ಹುಡುಗ ಮೊಬೈಲ್ ಹಿಡಿದುಕೊಂಡು ಎದುರಾದ. "ಕಾಕಾ, ದೊಡ್ಡ ಕಂಪೆನಿಯಲ್ಲಿ ಮಾರ್ಕೆಟ್ ಮೇಕರ್ ಆಗಿದ್ದವರು ಆಪ್ಷನ್ಸ್ ಟ್ರೇಡಿಂಗ್ ಕಲಿಸ್ತಾರಂತೆ. ಫೀಸ್ 40 ಸಾವಿರ. ಉಮ್ಮನ ಬಳೆ ಅಡವಿಟ್ಟು ಸೇರ್ಲಾ?" ಅಂತ ಕೇಳಿದ.

ನುರಿತವರಿಂದ ಕಲಿಯುವುದು ಒಳ್ಳೆಯದೇ. ನಮ್ಮ ಹಿರಿಯರು ಬಂದರಿನ ಅಂಗಡಿಗಳಲ್ಲಿ ಗೋಣಿ ಹೊತ್ತೇ ವ್ಯಾಪಾರ ಕಲಿತವರು. ಆದರೆ ಈ ಮಾರ್ಕೆಟ್ ಮೇಕರ್ ಮಾಡುವ ಕೆಲಸ ಏನು ಅಂತ ಹುಡುಗನಿಗೆ ಗೊತ್ತಿರಲಿಲ್ಲ.

ಆಪ್ಷನ್ ಎಂದರೆ ಗಡುವಿನೊಳಗೆ ನಿಗದಿತ ದರದಲ್ಲಿ ಕೊಳ್ಳುವ ಅಥವಾ ಮಾರುವ ಹಕ್ಕು. ಅದಕ್ಕೆ ಪ್ರೀಮಿಯಂ ಕೊಡಬೇಕು. ದರ ಅಂದುಕೊಂಡ ಕಡೆ ಹೋಗದಿದ್ದರೆ ಆ ಹಣ ಪೂರ್ತಿ ಹೋಯಿತು. ಆಪ್ಷನ್ ಮಾರಿದವನ ನಷ್ಟವಂತೂ ಅವನು ಪಡೆದ ಪ್ರೀಮಿಯಂನ ಎಷ್ಟೋ ಪಟ್ಟು ಆಗಬಹುದು.

ಮಾರ್ಕೆಟ್ ಮೇಕರ್ ಅಡಿಕೆ ಮಂಡಿಯ ವ್ಯಾಪಾರಿಯ ಹಾಗೆ. ಕೊಳ್ಳುವ ದರ ಒಂದು, ಮಾರುವ ದರ ಇನ್ನೊಂದು. ನಡುವಿನ ಚಿಲ್ಲರೆಯೇ ಅವನ ಸಂಪಾದನೆ. 100 ರೂಪಾಯಿಗೆ ಕೊಂಡು 100.50ಕ್ಕೆ ಮಾರುವುದು, ಅದನ್ನೇ ದಿನಕ್ಕೆ ಸಾವಿರಾರು ಸಲ ಮಾಡುವುದು. ನಿಫ್ಟಿ ಏರುತ್ತದೋ ಇಳಿಯುತ್ತದೋ ಎಂದು ಅವನು ಪಣ ಕಟ್ಟುವುದಿಲ್ಲ. ಆಪ್ಷನ್ ಮಾರಿದ ಕೂಡಲೇ ಬೇರೆ ಕಡೆ ಕೊಂಡು ಅಪಾಯ ಸರಿದೂಗಿಸುತ್ತಾನೆ. ಅದಕ್ಕೆ ಬೇಕಾದ ಬಂಡವಾಳ, ವೇಗದ ಕಂಪ್ಯೂಟರ್, ಕಡಿಮೆ ಖರ್ಚು ಎಲ್ಲ ಅವನ ಬಳಿ ಇದೆ. ಪಾಠ ಎಷ್ಟೇ ಚೆನ್ನಾಗಿರಲಿ, ಇದ್ಯಾವುದೂ ನಮ್ಮ ಹುಡುಗನ ಮೊಬೈಲಿಗೆ ಇಳಿದು ಬರುವುದಿಲ್ಲ. ಕ್ಲಾಸಿನಲ್ಲಿ ಕೂತವನು ಅಂಗಡಿಯ ಗಿರಾಕಿ, ಧಣಿ ಅಲ್ಲ.

ಇದು ನನ್ನ ಊಹೆಯಲ್ಲ. ಸೆಬಿಯ 2024ರ ಅಧ್ಯಯನದ ಪ್ರಕಾರ, 2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ 93% ಮಂದಿ ಹಣ ಕಳಕೊಂಡರು. ತಲಾ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಖರ್ಚು ಕಳೆದು 1 ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು 1% ಮಾತ್ರ. ಅದೇ 2023-24ರಲ್ಲಿ, ಸ್ವಂತ ಬಂಡವಾಳದಲ್ಲಿ ಟ್ರೇಡಿಂಗ್ ಮಾಡುವ ಸಂಸ್ಥೆಗಳು ಖರ್ಚು ಕಳೆಯುವ ಮೊದಲು ಗಳಿಸಿದ್ದು 33,000 ಕೋಟಿ. ಅದರಲ್ಲಿ 96% ಕಂಪ್ಯೂಟರ್ ಅಲ್ಗಾರಿದಂನಿಂದ ಬಂದದ್ದು.

ನಮ್ಮ ಮನೆಗಳಿಗೆ ಇನ್ನೊಂದು ಪ್ರಶ್ನೆಯೂ ಇದೆ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1992ರಲ್ಲೇ ಇಂತಹ ಆಪ್ಷನ್ ಕರಾರುಗಳು ಶರೀಅತ್ ಸಮ್ಮತವಲ್ಲ ಎಂದು ತೀರ್ಮಾನಿಸಿದೆ. ಫೀಸ್ ಕಟ್ಟುವ ಮೊದಲು ಉಸ್ತಾದರನ್ನೂ ಒಮ್ಮೆ ಕೇಳಬೇಡವೇ?

ಕಲಿಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಷೇರು ಪೇಟೆ ಹೇಗೆ ನಡೆಯುತ್ತದೆಂದು ತಿಳಿದವನಿಗೆ ಮೋಸ ಮಾಡುವುದು ಕಷ್ಟ. ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಈ ವಿಷಯದಲ್ಲಿ ಪರೀಕ್ಷೆ ನಡೆಸುತ್ತದೆ, ಅದಕ್ಕೆ ಬಳೆ ಅಡವಿಡಬೇಕಾಗಿಲ್ಲ. ಕಂಪೆನಿಯ ಲೆಕ್ಕಪತ್ರ ಓದಲು ಕಲಿಯಲಿ, ಅಕೌಂಟೆನ್ಸಿ ಕಲಿಯಲಿ. ಕಲಿಸುವವರನ್ನು ಒಂದು ಮಾತು ಕೇಳಲಿ: "ನಿಮ್ಮ ಸಂಪಾದನೆ ಪೇಟೆಯಿಂದಲೋ, ನಮ್ಮ ಫೀಸಿನಿಂದಲೋ?"

ಹುಡುಗನಿಗೆ ನಾನು ಹೇಳಿದ್ದೂ ಇದನ್ನೇ. ಎದುರಿಗೆ ಯಾರಿದ್ದಾರೆಂದು ತಿಳಿಯದೆ ವ್ಯಾಪಾರಕ್ಕೆ ಇಳಿಯಬೇಡ. ಬಳೆ ಸದ್ಯಕ್ಕೆ ಉಮ್ಮನ ಕೈಯಲ್ಲೇ ಇರಲಿ.