ವಲ್ಲೆ ಅಂದಾಕಿಗೆ ಕುಡಸೂದು ಉಪಚಾರ ಅಲ್ಲ

ಕಾಕು, ಮೌಶಿ, ವೈನಿ, ಓಣಿಯ ಅಕ್ಕಾರು, ಇವತ್ತ ನನ್ನ ಮ್ಯಾಲೆ ಸಿಟ್ಟಾದ್ರೂ ಅಡ್ಡಿ ಇಲ್ಲ, ಕಡೀತನಕ ಓದ್ರಿ. ಮನಿಗೆ ಬಂದವರಿಗೆ ಚಹಾ ಕುಡಸದ ಕಳಸಿದ್ರ ಮನಿತನದ ಮರ್ಯಾದಿ ಹೋತು ಅಂತ ತಿಳಕೊಂಡ ಮಂದಿ ನಾವು. ಅದು ಛಲೋ ಪದ್ಧತಿನ. ಆದ್ರ ತೂಕ ಇಳಿಸೋ ಆಪರೇಶನ್ ಮಾಡಿಸಿಕೊಂಡು ಬಂದಾಕಿ ಕೈಯಾಗ "ಒಂದ ಗುಟುಕಿಗೆ ಏನಾಗತದ" ಅಂತ ಸಕ್ಕರಿ ಚಹಾದ ಕಪ್ಪು ಹಿಡಸೂದು ಉಪಚಾರ ಅಲ್ಲ, ನಮ್ಮ ಹಟ. ಆಕಿ ಹೊಟ್ಟಿಕಿಂತ ನಮ್ಮ ಸಮಾಧಾನ ದೊಡ್ಡದು ಅಂದಂಗ ಆತು.

ಏನಾಗತದ ಅಂತ ಕೇಳತೀರಲ್ಲ, ಹೇಳತೀನಿ. ಈ ಆಪರೇಶನ್‌ದಾಗ ಎರಡು ನಮೂನಿ ಹೆಚ್ಚು ನಡೀತಾವ. ಸ್ಲೀವ್ ಅನ್ನೂದರಾಗ ಜಠರದ ಮುಕ್ಕಾಲು ಭಾಗದಷ್ಟು ಕತ್ತರಿಸಿ ತಗದು, ಬಾಳಿಹಣ್ಣಿನ ಆಕಾರದ ಒಂದು ಕೊಳವಿ ಉಳಸತಾರ. ಬೈಪಾಸ್‌ದಾಗ ಜಠರದ ಮ್ಯಾಲಿನ ತುದೀಗೆ ಸುಮಾರು 30 ಮಿಲಿ ಲೀಟರ್ ಹಿಡಿಯೋ ಸಣ್ಣ ಚೀಲ ಮಾಡಿ, ಅದನ್ನ ಸೀದಾ ಸಣ್ಣ ಕರುಳಿಗೆ ಜೋಡಸತಾರ. 30 ಮಿಲಿ ಅಂದ್ರ ದೊಡ್ಡ ಚಮಚದಲೆ ಎರಡು ಚಮಚ. ನಿಮ್ಮ ಮನಿ ಚಹಾದ ಕಪ್ಪು ಎಷ್ಟು ಹಿಡೀತದ, ನೀವ ಅಳದು ನೋಡ್ರಿ.

ಇನ್ನ ಸಕ್ಕರಿ ಮಾತು. ಬೈಪಾಸ್ ಆದವರು ಸಿಹಿ ನೀರು ಕುಡದ್ರ ಅದು ಜಠರದಾಗ ನಿಲ್ಲೂದಿಲ್ಲ, ಭಡಕ್ಕನ ಕರುಳಿಗೆ ಇಳೀತದ. ಆ ಸಕ್ಕರಿ ರಕ್ತದೊಳಗಿನ ನೀರನ್ನ ಕರುಳಿಗೆ ಜಗ್ಗತದ. ಅರ್ಧ ತಾಸಿನೊಳಗ ಎದಿ ಹೊಡಕೊಳ್ಳೂದು, ಬೆವರು, ತಲಿ ತಿರಗೂದು, ಹೊಟ್ಟಿ ನುಲಿಯೂದು, ಭೇದಿ. ಡಂಪಿಂಗ್ ಅಂತಾರ ಇದಕ್ಕ. ಕೆಲವರಿಗೆ ಎರಡು-ಮೂರು ತಾಸು ಬಿಟ್ಟು ರಕ್ತದಾಗಿನ ಸಕ್ಕರಿ ಒಮ್ಮಿಲೆ ಇಳದು ಕೈಕಾಲು ನಡಗತಾವ. ಸ್ಲೀವ್ ಆದವರಿಗೆ ಇದು ಕಡಿಮಿ, ಆದ್ರ ಆಗೂದಿಲ್ಲ ಅಂತಲ್ಲ. ನಮ್ಮ ನಾದಿನಿ ಮಗಳು ಒಂದು ತೊಟ್ಟಲಾ ಹಾಕೋ ಕಾರ್ಯಕ್ರಮದಾಗ ಹಿರ್ಯಾರ ಮಾತು ಮುರೀಲಿಕ್ಕೆ ಆಗದ ಅರ್ಧ ಲೋಟ ಶರಬತ್ತು ಕುಡದು, ಮುಂದ ಒಂದು ತಾಸು ಹಿಂದಿನ ಖೋಲ್ಯಾಗ ಮಲಕೊಂಡಿದ್ಲು. ಕುಡಿಸಿದವರು ಹೊರಗ "ಎಷ್ಟ ನಾಜೂಕ ನೋಡ್ರಿ ಈಗಿನ ಹುಡಿಗ್ಯಾರು" ಅಂತ ನಗತಿದ್ರು. ನನಗ ಸಿಟ್ಟು ಬಂದದ್ದು ಶರಬತ್ತಿಗಲ್ಲ, ಆ ನಗೀಗೆ.

"ಸಕ್ಕರಿ ಹಾಕಿಲ್ಲ, ಬೆಲ್ಲ ಹಾಕೀನಿ" ಅಂತೀರಿ. ಬೆಲ್ಲದಾಗೂ ಬಹಳಷ್ಟು ಇರೂದು ಸಕ್ಕರಿನ. ಜೇನತುಪ್ಪನೂ ಸಕ್ಕರಿನ. ರಾಮನವಮಿ ಪಾನಕ ದೇವರಿಗೆ ನೈವೇದ್ಯ ಆಗಿದ್ರೂ ಕರುಳಿಗೆ ಅದು ಗೊತ್ತಾಗೂದಿಲ್ಲ. ಕಬ್ಬಿನ ಹಾಲು, ಹಣ್ಣಿನ ಜ್ಯೂಸು ಎಲ್ಲಾ ಅದ ದಾರಿ. ಅಂಗಡಿ ತಂಪು ಪಾನೀಯ 300 ಮಿಲಿ ತಗೊಂಡ್ರ ಅದರಾಗ 30 ಗ್ರಾಂ ಆಸುಪಾಸು ಸಕ್ಕರಿ, ಅಂದ್ರ ಆರು-ಏಳು ಸಣ್ಣ ಚಮಚ. ಸಕ್ಕರಿ ಇಲ್ಲದ ಸೋಡಾನೂ ಬ್ಯಾಡ. ಅಷ್ಟು ಸಣ್ಣ ಚೀಲದಾಗ ಗಾಳಿ ಉಬ್ಬಿದ್ರ ನೋವು ಆಕೀಗೆ ಆಗತದ.

ನೋಡಲಿಕ್ಕೆ ಹೋಗೋವಾಗ ಡಬ್ಬಿ, ಪಾಕೀಟು ಒಯ್ಯೋ ಚಟ ಒಂದದ. "ಹೆಲ್ತ್ ಡ್ರಿಂಕ್" ಅಂತ ಬರದದ್ದು ನೋಡಿ ತಗೋತೀವಿ. 2024ರ ಏಪ್ರಿಲ್‌ನಾಗ ಕೇಂದ್ರ ವಾಣಿಜ್ಯ ಸಚಿವಾಲಯ, ಆನ್‌ಲೈನ್ ಮಾರೋ ಕಂಪನಿಗಳಿಗೆ ಆ ಹೆಸರಿನ ವಿಭಾಗದಿಂದ ಇಂಥಾ ಪೇಯಗಳನ್ನ ತಗೀರಿ ಅಂತ ಹೇಳಿತು. ಯಾಕಂದ್ರ ನಮ್ಮ ಆಹಾರ ಕಾಯಿದಾದಾಗ "ಹೆಲ್ತ್ ಡ್ರಿಂಕ್" ಅನ್ನೋ ವ್ಯಾಖ್ಯಾನನ ಇಲ್ಲ. 2025ರ ಅಕ್ಟೋಬರ್‌ನಾಗ ಎಫ್‌ಎಸ್‌ಎಸ್‌ಎಐ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಇಲ್ಲದ ಸಿಹಿ ಪೇಯಗಳ ಮ್ಯಾಲೆ "ಓಆರ್‌ಎಸ್" ಅಂತ ಬರೀಬಾರದು ಅಂತ ಆದೇಶ ಹೊರಡಿಸಿತು. ಖರೇ ಓಆರ್‌ಎಸ್‌ದಾಗ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್. ಬಣ್ಣದ ಪಾಕೀಟಿನ ಹಿಂದ ಸಣ್ಣ ಅಕ್ಷರದಾಗ ಸಕ್ಕರಿ ಲೆಕ್ಕ ಇರತದ, ಚಾಳೀಸ ಹಾಕ್ಕೊಂಡು ಓದ್ರಿ, ಆಮ್ಯಾಲೆ ಒಯ್ಯರಿ.

ಹಂಗಾರ ಆಕಿ ಏನ ಕುಡೀಬೇಕು? ಮೊದಲನೇದು ನೀರು. ದಿನಕ್ಕ ಒಂದೂವರೆ ಲೀಟರ್ ಆದ್ರೂ ಹೋಗಬೇಕು ಅಂತಾರ. ಗಟಗಟ ಕುಡೀಲಿಕ್ಕೆ ಬರೂದಿಲ್ಲ, ಗುಟುಕು ಗುಟುಕು ಕುಡೀಬೇಕು. ಲೆಕ್ಕ ಹಾಕ್ರಿ: ಒಮ್ಮಿಗೆ 30 ಮಿಲಿ ಅಂದ್ರ 50 ಸಲ. ಮುಂಜಾನೆ ಆರರಿಂದ ರಾತ್ರಿ ಹತ್ತರತನಕ, ಹತ್ತಿರ ಹತ್ತಿರ 20 ನಿಮಿಷಕ್ಕೊಮ್ಮೆ. ಊಟದ ಜೋಡಿ ಕುಡಿಯೋ ಹಂಗಿಲ್ಲ, ಊಟಾದ ಮ್ಯಾಲೂ ಅರ್ಧ ತಾಸು ತಡೀಬೇಕು. ಅಂದ್ರ ನೀರು ಕುಡಿಯೂದ ಆಕೀಗೆ ಒಂದು ದುಡಿಮಿ. ಆಪರೇಶನ್ ಆದವರು ತಿರಗಿ ದವಾಖಾನಿ ಸೇರೂದಕ್ಕ ಮೈಯಾಗಿನ ನೀರು ಕಡಿಮಿ ಆಗೂದು ಒಂದು ದೊಡ್ಡ ಕಾರಣ. ನೀವು ತುರುಕಿದ ಚಹಾ, ಆಕಿ ಕುಡೀಬೇಕಾಗಿದ್ದ ನೀರಿನ ಜಾಗಾ ಕಸಗೋತದ.

ಎರಡನೇದು ಪ್ರೋಟೀನ್. ಇಲ್ಲೆ ನಮ್ಮ ಹಿರ್ಯಾರ ಜೋಡಿನೂ ಜಗಳ ಅದ ನಂದು. ಮೊದಲಿನ ವಾರ ಬರೇ ದ್ರವ ಅಂದಕೂಡ್ಲೆ ಬ್ಯಾಳಿ ಕಟ್ಟು, ಅಕ್ಕಿ ಗಂಜಿ, ನೀರು ಮಜ್ಜಿಗಿ ಮಾಡಿ "ಮನಿದು, ಸಾತ್ವಿಕ" ಅಂತ ಕೊಡತೀವಿ. ಹಗರ ಅವ, ಗಂಟಲಿಗೆ ಹಿತ, ಖರೆ. ಆದ್ರ ದಿನಕ್ಕ ಕಮ್ಮಿ ಅಂದ್ರೂ 60 ಗ್ರಾಂ ಪ್ರೋಟೀನ್ ಬೇಕು. ಒಂದು ಲೋಟ ಹಾಲಿನಾಗ, 200 ಮಿಲಿ ಅಂದ್ರ, ಆರೇಳು ಗ್ರಾಂ ಸಿಗತದ. ಬ್ಯಾಳಿ ತಳಕ್ಕ ಬಿಟ್ಟು ಮ್ಯಾಲಿನ ನೀರು ಕೊಟ್ರ ಅಷ್ಟೂ ಸಿಗೂದಿಲ್ಲ. ಅದಕ್ಕ ಡಾಕ್ಟರು ಪ್ರೋಟೀನ್ ಪುಡಿ ಬರದು ಕೊಡೂದು. "ಡಬ್ಬಿ ಪುಡಿ ಯಾಕ, ಕೆಮಿಕಲ್ ಅದ" ಅಂತ ಆಕಿ ತಲಿ ಕೆಡಸಬ್ಯಾಡ್ರಿ. ಪ್ರೋಟೀನ್ ಸಾಲದಿದ್ರ ಕೊಬ್ಬಿನ ಜೋಡಿ ಸ್ನಾಯುನೂ ಕರಗತಾವ, ಕೂದಲೂ ಉದುರತಾವ. ಆವಾಗ "ಎಷ್ಟ ಸೊರಗೀದೀ" ಅನ್ನೋ ಬಾಯಿನೂ ನಮ್ಮದ.

ಚಹಾ ಆಕೀಗೆ ಜನ್ಮಪೂರ್ತಿ ಬಂದ್ ಅಂತಲ್ಲ. ಡಾಕ್ಟರು ಹೂಂ ಅಂದ ಮ್ಯಾಲೆ, ಸಕ್ಕರಿ ಇಲ್ಲದ, ಸ್ವಲ್ಪ. ಆದ್ರ ಕಬ್ಬಿಣದ ಗುಳಿಗಿ ಚಹಾದ ಜೋಡಿ ನುಂಗಬಾರದು, ಚಹಾ ಆ ಕಬ್ಬಿಣ ಮೈಗೆ ಹತ್ತಗೊಡೂದಿಲ್ಲ. ತಿಂಗಳಾ ತಿಂಗಳಾ ಮುಟ್ಟಾಗೋ ಹೆಣ್ಣಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳತೀನಿ. ಆಕೀಗೆ ವಾಂತಿ ನಿಲ್ಲವಲ್ದು, ಗುಟುಕು ನೀರೂ ಹೊಟ್ಟ್ಯಾಗ ನಿಲ್ಲವಲ್ದು ಅಂದ್ರ ಜೀರಗಿ ಕಷಾಯ ಕಾಸಿಕೋತ ಕೂಡಬ್ಯಾಡ್ರಿ. ವಾಂತಿ ದಿನಗಟ್ಟಲೆ ನಡದ್ರ ಬಿ1 ಜೀವಸತ್ವ ಖಾಲಿಯಾಗಿ ಮಿದುಳಿಗೆ ಪೆಟ್ಟು ಬೀಳತದ, ಕೆಲವೊಮ್ಮೆ ಅದು ತಿರಗಿ ಸರಿ ಆಗೂದಿಲ್ಲ. ಸೀದಾ ಆಪರೇಶನ್ ಮಾಡಿದ ಡಾಕ್ಟರ ಕಡೆ ಕರಕೊಂಡು ಹೋಗ್ರಿ. ಏಕಾದಶಿ ನಿರಾಹಾರ, ನೀರೂ ಬಿಡೋ ವ್ರತ ಇವನ್ನೂ ಡಾಕ್ಟರಿಗೆ ಕೇಳದ ಹಿಡಸಬ್ಯಾಡ್ರಿ.

"ಇಷ್ಟು ಕಟ್ಟುನಿಟ್ಟು ಇದ್ರ ಮಂದಿ ಮನಿಗೆ ಯಾಕ ಬರಬೇಕು?" ಅಂತ ಒಬ್ಬರು ಕೇಳಿದ್ರು. ಶುಗರ್ ಇದ್ದ ಮಾವನವರಿಗೆ ಬ್ಯಾರೆ ಪಾತೇಲಿಯಾಗ ಚಹಾ ಇಡತೀವಲ್ಲ, ಅವರಿಗೆ ಯಾರೂ ಹಂಗ ಕೇಳೂದಿಲ್ಲ. ಗಂಡಸರ ಪಥ್ಯಕ್ಕ ಅಡಗಿಮನಿ ಬಗ್ಗತದ, ಹೆಣ್ಣಮಕ್ಕಳ ಪಥ್ಯ ಮಾತ್ರ ಸೊಕ್ಕು ಅನಸತದ. "ದುಡ್ಡು ಕೊಟ್ಟು ಸುಲಭಕ್ಕ ತೆಳ್ಳಗಾದ್ಲು" ಅನ್ನೋರು, 20 ನಿಮಿಷಕ್ಕೊಮ್ಮೆ ನೆನಪಿಟ್ಟು ನೀರು ಕುಡಿಯೂದನ್ನ ಒಂದ ಒಂದು ದಿನ ಮಾಡಿ ತೋರಸ್ರಿ.

ಆಕಿ ಮನಿಗೆ ಬಂದ್ರ "ನಿನಗೇನು ನಡೀತದವಾ?" ಅಂತ ಮೊದಲ ಕೇಳ್ರಿ. ನೀರು ಅಂದ್ರ ನೀರು ಕೊಡ್ರಿ, ಸಣ್ಣ ವಾಟಗಾದಾಗ. ಏನೂ ಬ್ಯಾಡ ಅಂದ್ರ ಕುಂಕುಮ ಹಚ್ಚಿ, ಬಾಜೂಕ ಕೂತು ಮಾತಾಡ್ರಿ. ಅಷ್ಟಕ್ಕ ಯಾರ ಮನಿತನದ ಮರ್ಯಾದಿನೂ ಹೋಗೂದಿಲ್ಲ.