ಹಗುರ ಹೊರೆಗೂ ಟ್ರೇಲರು ಹದವಾಗಿರಲಿ



ಬೆಳೆ ಬೆಳೆಯುವುದರಲ್ಲಿ ನಾವು ತೋರುವ ಎಚ್ಚರಿಕೆಯನ್ನು ಅದನ್ನು ಸಾಗಿಸುವುದರಲ್ಲಿ ತೋರುತ್ತಿಲ್ಲ. ಟೊಮ್ಯಾಟೊ ಗಿಡಕ್ಕೆ ಕೋಲು ನೆಟ್ಟು, ದಾರ ಕಟ್ಟಿ, ಔಷಧಿ ಹೊಡೆದು, ತಿಂಗಳುಗಟ್ಟಲೆ ಜೋಪಾನ ಮಾಡುತ್ತೇವೆ. ಕೊನೆಗೆ ಹೊಲದಿಂದ ಡಾಂಬರು ರಸ್ತೆಯವರೆಗಿನ ಎರಡು ಮೂರು ಕಿಲೋಮೀಟರಿನಲ್ಲಿ ಆ ಹಣ್ಣನ್ನು ಜಜ್ಜಿಸಿಬಿಡುತ್ತೇವೆ. ಜಜ್ಜಿದ್ದು ಆ ದಿನ ಕಣ್ಣಿಗೆ ಕಾಣುವುದಿಲ್ಲ. ಮಾರನೆಯ ದಿನ ಹಣ್ಣು ಮೆತ್ತಗಾಗುತ್ತದೆ, ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಕೋಲಾರದ ಮಾರುಕಟ್ಟೆಯಿಂದ ದೂರದ ಊರಿಗೆ ಕಳಿಸುವ ವ್ಯಾಪಾರಿಗೆ ಇದು ಗೊತ್ತು. ಆದುದರಿಂದಲೇ ಅವನು ಹಣ್ಣನ್ನು ಒತ್ತಿ ನೋಡಿ ಬೆಲೆ ಕಟ್ಟುತ್ತಾನೆ.

ಇದಕ್ಕೆ ಕಾರಣ ಕೇಳಿದರೆ ಎಲ್ಲರೂ ರಸ್ತೆಯನ್ನು ದೂರುತ್ತಾರೆ. ರಸ್ತೆ ಕೆಟ್ಟಿರುವುದು ನಿಜವೇ. ಆದರೆ ಅದೇ ರಸ್ತೆಯಲ್ಲಿ ಅದೇ ಟ್ರೇಲರು ತುಂಬ ಗೊಬ್ಬರ ಹೇರಿಕೊಂಡು ಬರುವಾಗ ತೂಗಾಡುತ್ತಾ ಮೆತ್ತಗೆ ಬರುತ್ತದೆ. 20 ಕ್ರೇಟು ಹಣ್ಣು ಇಟ್ಟಾಗ ಮಾತ್ರ ಕುಪ್ಪಳಿಸುತ್ತದೆ. ಇದನ್ನು ನೀವೆಲ್ಲರೂ ನೋಡಿದ್ದೀರಿ. ಹಾಗಾದರೆ ತಪ್ಪು ರಸ್ತೆಯೊಂದರದೇ ಅಲ್ಲ, ಗಾಡಿಗೂ ಹೊರೆಗೂ ಹೊಂದಾಣಿಕೆ ಇಲ್ಲದಿರುವುದೂ ಹೌದು ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಹಾಕಿ ನೋಡಿ. ಪವರ್ ಟಿಲ್ಲರಿನ ಟ್ರೇಲರು ಒಂದೂವರೆ ಟನ್ ಹೊರಲು ಮಾಡಿದ್ದು ಎಂದುಕೊಳ್ಳೋಣ. 15 ಕೆ.ಜಿ.ಯ 20 ಕ್ರೇಟು ಎಂದರೆ 300 ಕೆ.ಜಿ., ಐದರಲ್ಲಿ ಒಂದು ಪಾಲು. ಪೂರ್ತಿ ಭಾರಕ್ಕೆ ಕೂಡಿಸಿದ ಕಮಾನು ಪ್ಲೇಟುಗಳು ಇಷ್ಟು ಭಾರಕ್ಕೆ ಬಾಗುವುದೇ ಅಪರೂಪ. ಸ್ಪ್ರಿಂಗಿನ ಮೇಲಿರುವ ಒಟ್ಟು ಭಾರ ನಾಲ್ಕನೆಯ ಒಂದಕ್ಕೆ ಇಳಿದರೆ ಕುಲುಕಾಟ ಎರಡರಷ್ಟು ಚುರುಕಾಗುತ್ತದೆ. ಪ್ಲೇಟುಗಳ ನಡುವೆ ತುಕ್ಕು ಹಿಡಿದು ಅಂಟಿಕೊಂಡಿದ್ದರಂತೂ ಕಮಾನು ಒಂದೇ ಕಬ್ಬಿಣದ ತೊಲೆಯಾಗುತ್ತದೆ.

ಇನ್ನು ಉಪಾಯಗಳನ್ನು ನೋಡೋಣ. ಮೊದಲನೆಯದು ಟಯರಿನ ಗಾಳಿ. ಟಯರೂ ಒಂದು ಸ್ಪ್ರಿಂಗೇ ಎಂಬುದನ್ನು ಮರೆಯಬಾರದು. ಅದರ ಬದಿಯಲ್ಲಿ ಅಚ್ಚಾಗಿರುವ ಗಾಳಿಯ ಅಂಕಿ ಪೂರ್ತಿ ಭಾರಕ್ಕೆ ಹೇಳಿದ್ದು. ಹಗುರ ಹೊರೆಗೆ ಅಷ್ಟು ಬೇಡ. ಎಷ್ಟು ಸಾಕು ಎಂಬುದಕ್ಕೆ ಟಯರು ಕಂಪನಿಯವರ ಪಟ್ಟಿ ಇರುತ್ತದೆ, ಮಾರಾಟಗಾರರಲ್ಲಿ ಕೇಳಿರಿ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೂ ಉಂಟು. ಹೊರೆ ಹೇರಿದ ಮೇಲೆ ಟಯರಿನ ನೆಲ ಮುಟ್ಟುವ ಭಾಗದ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ಗಟ್ಟಿ ನೆಲದ ಮೇಲೆ ಸ್ವಲ್ಪ ದೂರ ಓಡಿಸಿ. ಗೆರೆ ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು. ಎರಡು ಅಂಚಿನಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಉದ್ದಕ್ಕೂ ಒಂದೇ ಸಮನೆ ಅಳಿಸಿದರೆ ಹದ. ಎರಡೂ ಚಕ್ರಕ್ಕೆ ಗಾಳಿ ಸಮವಾಗಿರಲಿ. ಮತ್ತೆ ಭಾರ ಹೇರುವ ಮುನ್ನ ಗಾಳಿ ತುಂಬಿಸಲು ಮರೆಯಬೇಡಿ. ಗಾಳಿ ಕಡಿಮೆಯಿದ್ದು ಭಾರ ಹೆಚ್ಚಾದರೆ ಟಯರು ಕಾದು ಒಡೆಯುತ್ತದೆ.

ಎರಡನೆಯದು ಹೇರುವ ಕ್ರಮ. ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಎಂಬ ಮಾತು ಹೊಸದಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತಿತ್ತು. ಎರಡು ಚಕ್ರದ ಟ್ರೇಲರಿಗೂ ಅದೇ ನ್ಯಾಯ. ಕ್ರೇಟುಗಳನ್ನು ಅಚ್ಚಿನ ಮೇಲೆ, ತುಸು ಮುಂಭಾರವಾಗಿ ಜೋಡಿಸಿ. ಹೊರೆಯ ಹತ್ತರಲ್ಲಿ ಒಂದು ಪಾಲಿನಷ್ಟು ಭಾರ ಹುಕ್ಕಿನ ಮೇಲೆ ಬಿದ್ದರೆ ಸಾಕು. ಹಿಂದಿನ ಬಾಗಿಲ ಬಳಿ ಇಟ್ಟ ಕ್ರೇಟೇ ಎಲ್ಲಕ್ಕಿಂತ ಹೆಚ್ಚು ಎಗರುವುದು. ಎತ್ತರಕ್ಕೆ ಪೇರಿಸದೆ ಅಗಲಕ್ಕೆ ಹರಡಿ, ಅಡಿಗೆ ಹುಲ್ಲು ಹಾಸಿ, ಹಗ್ಗದಿಂದ ಬಿಗಿಯಾಗಿ ಕಟ್ಟಿ. ಅರ್ಧ ತುಂಬಿದ ಕ್ರೇಟಿನಲ್ಲಿ ಹಣ್ಣು ಉರುಳಾಡುತ್ತದೆ. ಅಂಚು ಮೀರಿ ತುಂಬಿದರೆ ಮೇಲಿನ ಕ್ರೇಟು ಅದನ್ನು ಹಿಸುಕುತ್ತದೆ.

ಮೂರನೆಯದು ಕೀಲುಗಳ ಆರೈಕೆ. ಹುಕ್ಕಿನ ಪಿನ್ನು ಸವೆದು ಸಡಿಲವಾಗಿದ್ದರೆ ಪ್ರತಿ ಹೊಂಡದಲ್ಲೂ ಟ್ರೇಲರು ಹಿಂದೆ ಮುಂದೆ ಗುದ್ದುತ್ತದೆ. ಪಿನ್ನು, ಬುಷ್ ಬದಲಾಯಿಸುವ ಖರ್ಚು ದೊಡ್ಡದಲ್ಲ. ಕಮಾನು ಬಿಚ್ಚಿಸಿ ತುಕ್ಕು ತೆಗೆಸಿ, ಪ್ಲೇಟುಗಳ ನಡುವೆ ಗ್ರ್ಯಾಫೈಟ್ ಗ್ರೀಸು ಹಚ್ಚಿಸಿರಿ.

ಕೆಲವರು ಪ್ಲೇಟುಗಳನ್ನೇ ತೆಗೆಸಿಬಿಡುತ್ತಾರೆ. ಇದಕ್ಕೆ ನನ್ನ ಸಮ್ಮತಿಯಿಲ್ಲ. ಅದೇ ಟ್ರೇಲರಿಗೆ ನಾಳೆ ಕಬ್ಬೋ ಮರಳೋ ಹೇರುವವರು ನಾವೇ; ಆಗ ಉಳಿದ ಪ್ಲೇಟು ಮುರಿದರೆ ಹಣ್ಣಿನ ಮಾತಿರಲಿ, ಪ್ರಾಣಕ್ಕೇ ಅಪಾಯ. ಹಗುರ ಹೊರೆಗೆ ಮೀಸಲಾದ ಟ್ರೇಲರಾದರೆ ಮಾತ್ರ, ತಿಳಿದ ಮೆಕ್ಯಾನಿಕ್‌ನಿಂದ ಆ ಹೊರೆಗೆ ತಕ್ಕ ಸ್ಪ್ರಿಂಗು ಹಾಕಿಸಬಹುದು. ಮರಳಿನ ಚೀಲ ಇಟ್ಟು ಭಾರ ಹೆಚ್ಚಿಸುವವರೂ ಇದ್ದಾರೆ. ಕುಲುಕಾಟ ತಗ್ಗುವುದೇನೋ ಹೌದು, ಆದರೆ ಡೀಸೆಲ್ ಸುಟ್ಟು ಮರಳಿಗೆ ಸವಾರಿ ಮಾಡಿಸಿದಂತಾಗುತ್ತದೆ. ಅನಿವಾರ್ಯವಾದರೆ ಚೀಲಗಳನ್ನು ಅಚ್ಚಿನ ಮೇಲೆ ಕಟ್ಟಿ ಇಡಿ. ಬಿಡಿ ಕಲ್ಲು ಮಾತ್ರ ಎಂದೂ ಬೇಡ.

ಇನ್ನೊಂದು ಮಾತು. ಖಾಲಿ ಟ್ರೇಲರಿನಲ್ಲಿ ಕೂಲಿಯವರನ್ನು ಕೂರಿಸಿ ಕರೆತರುವ ರೂಢಿಯನ್ನು ಬಿಡಬೇಕು. ಹಣ್ಣನ್ನು ಎಗರಿಸುವ ಗಾಡಿ ಅಂಚಿನ ಮೇಲೆ ಕುಳಿತವರನ್ನೂ ಎಗರಿಸುತ್ತದೆ. ಟ್ರೇಲರು ಸರಕಿಗೆ, ಜನರಿಗಲ್ಲ.

ಟ್ರೇಲರು ಕೊಳ್ಳುವಾಗ ನಾವು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಟನ್ ಹೊರುತ್ತದೆ? ಹಗುರ ಹೊರೆಯಲ್ಲಿ ಹೇಗೆ ಓಡುತ್ತದೆ, ಆಗ ಗಾಳಿ ಎಷ್ಟಿರಬೇಕು ಎಂದು ಕೇಳುವವರಿಲ್ಲ. ಕೇಳುವವರಿಲ್ಲದಾಗ ತಯಾರಿಸುವವರಾದರೂ ಏಕೆ ತಲೆ ಕೆಡಿಸಿಕೊಂಡಾರು? ಹಣ್ಣು, ತರಕಾರಿ, ಹೂವು ಬೆಳೆಯುವ ಸಣ್ಣ ರೈತನ ಹೊರೆ ಹಗುರವಾದರೂ ಬೆಲೆ ಬಾಳುವಂಥದ್ದು. ಅದಕ್ಕೆ ತಕ್ಕ ಗಾಡಿಯನ್ನು ನಾವೇ ಕೇಳಿ ಪಡೆಯಬೇಕು.

ರಸ್ತೆ ದುರಸ್ತಿಗೆ ಪಂಚಾಯ್ತಿಗೆ ಅರ್ಜಿ ಕೊಡುವುದನ್ನು ಬಿಡಬೇಡಿ. ಆದರೆ ಅದು ಆಗುವವರೆಗೆ ಕಾಯುವುದೂ ಬೇಡ. ಮುಂದಿನ ಕೊಯ್ಲಿಗೆ ಮುನ್ನ ಪಿನ್ನು ಅಲ್ಲಾಡಿಸಿ ನೋಡಿ. ಕೊಯ್ಲಿನ ದಿನ ಹಣ್ಣು ಹೇರಿದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಟಿಲ್ಲರನ್ನು ನಿಧಾನವಾಗಿ ಓಡಿಸಿರಿ. ಐದು ನಿಮಿಷ ತಡವಾದರೆ ನಷ್ಟವಿಲ್ಲ. ಜಜ್ಜಿದ ಹಣ್ಣಿಗೆ ಮಾತ್ರ ಬೆಲೆಯಿಲ್ಲ.