ಬುದ್ಧಿಮಾಂದ್ಯ ಮಕ್ಕಳ ವಿಷಯ: ಕೊಪ್ಪಳದಿಂದ ನಮ್ಮ ಜಮಾಅತ್‌ಗಳು ಕಲಿಯುವುದಿದೆ

ನಮ್ಮ ಊರುಗಳಲ್ಲಿ ಸಮಾಜಸೇವೆಗೆ ಬರಗಾಲವೇನೂ ಇಲ್ಲ. ವರ್ಷಕ್ಕೆ ನಾಲ್ಕು ರಕ್ತದಾನ ಶಿಬಿರ ನಡೆಯುತ್ತದೆ, ಗಾಲಿಕುರ್ಚಿ ಹಂಚುತ್ತೇವೆ, ರಮಝಾನ್‌ನಲ್ಲಿ ಕಿಟ್ ಕೊಡುತ್ತೇವೆ, ಬಡ ಹೆಣ್ಮಕ್ಕಳ ಸಾಮೂಹಿಕ ನಿಕಾಹ್ ಮಾಡಿಸುತ್ತೇವೆ. ಒಳ್ಳೆಯ ಕೆಲಸಗಳೇ. ಆದರೆ ಈ ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಕೆಲವರು ನಮ್ಮ ಮನೆಗಳಲ್ಲೇ ಇದ್ದಾರೆ. ಹುಟ್ಟಿನಿಂದಲೋ ಎಳವೆಯಿಂದಲೋ ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳು ಮತ್ತು ಹಾಗೇ ದೊಡ್ಡವರಾದವರು. ಇವರ ಕೈಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುವಂಥ ವಸ್ತು ಯಾವುದೂ ಇಲ್ಲ. ಇವರಿಗೆ ಬೇಕಾದದ್ದು ಜೊತೆಗೆ ಓಡಾಡುವ ಜನ, ಅದೂ ಒಂದು ದಿನಕ್ಕಲ್ಲ, ವರ್ಷಗಟ್ಟಲೆ.

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ಉತ್ತರ ಕರ್ನಾಟಕದಲ್ಲಿ ಇಂಥವರನ್ನು ‘ಹುಚ್ಚ’ ಅಂತಾರೆ, ನಮ್ಮಲ್ಲಿ ‘ಪೊಟ್ಟ’ ಅಂತೇವೆ. ಎರಡೂ ತಪ್ಪು. ಬೌದ್ಧಿಕ ಅಸಾಮರ್ಥ್ಯವು ಮಾನಸಿಕ ಕಾಯಿಲೆ ಅಲ್ಲ. ಮಾನಸಿಕ ಕಾಯಿಲೆ ಯಾವ ವಯಸ್ಸಿನಲ್ಲೂ ಬರಬಹುದು, ಔಷಧದಿಂದ ಹತೋಟಿಗೆ ಬರುತ್ತದೆ. ಇದು ಹಾಗಲ್ಲ. ಕಲಿಯುವ ವೇಗವೇ ನಿಧಾನ, ಅಷ್ಟೆ. ಮಾತ್ರೆಯಿಂದಾಗಲಿ, ಹರಕೆಯಿಂದಾಗಲಿ, ನೂಲು ಕಟ್ಟಿಸುವುದರಿಂದಾಗಲಿ ಇದು ‘ಗುಣ’ ಆಗುವುದಿಲ್ಲ. ಆದರೆ ಚಿಕ್ಕಂದಿನಲ್ಲೇ ಗುರುತಿಸಿ ತರಬೇತಿ ಕೊಟ್ಟರೆ ತಾನೇ ಊಟ ಮಾಡುವ, ಬಟ್ಟೆ ಹಾಕಿಕೊಳ್ಳುವ, ಅಂಗಡಿಗೆ ಹೋಗಿ ಬರುವ, ಸಣ್ಣಪುಟ್ಟ ಕೆಲಸ ಮಾಡುವ ಮಟ್ಟಕ್ಕೆ ಹೆಚ್ಚಿನವರು ಬರುತ್ತಾರೆ. 2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 15 ಲಕ್ಷ ಮಂದಿಯನ್ನು ಈ ಗುಂಪಿನಲ್ಲಿ ಎಣಿಸಲಾಗಿತ್ತು. ಗಣತಿಯವರು ಬಂದಾಗ ಮನೆಯವರು ಹೇಳಿಕೊಂಡವರ ಲೆಕ್ಕ ಮಾತ್ರ ಇದು. ಹೇಳದೆ ಒಳಕೋಣೆಯಲ್ಲಿ ಕೂರಿಸಿದವರ ಲೆಕ್ಕ ಯಾರ ಬಳಿಯೂ ಇಲ್ಲ.

ಈಗ ಕೊಪ್ಪಳದ ಮಾತಿಗೆ ಬರೋಣ. ಕರಾವಳಿಯ ನಮಗೂ ಕೊಪ್ಪಳಕ್ಕೂ ಏನು ಸಂಬಂಧ ಅಂತ ಕೇಳಬಹುದು. ಮಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ಸಂಬಂಧ ಗೊತ್ತು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ನಮ್ಮ ಕಟ್ಟಡಗಳಿಗೆ ಕಲ್ಲು, ಮಣ್ಣು ಹೊತ್ತಿವೆ. ನಮ್ಮವರದ್ದೇ ಬಾಡಿಗೆ ಲೈನ್ ಮನೆಗಳಲ್ಲಿ ಇದ್ದಾರೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯಲ್ಲಿ ಆಗ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕು. ಕನಕಗಿರಿ, ಕಾರಟಗಿ, ಕುಕನೂರು ತಾಲೂಕುಗಳು ಆಮೇಲೆ ಬಂದವು. ಗಂಗಾವತಿಗೆ ತುಂಗಭದ್ರೆಯ ಕಾಲುವೆ ನೀರಿದೆ, ಭತ್ತ ಇದೆ. ಕುಷ್ಟಗಿ, ಯಲಬುರ್ಗಾದ ಹೆಚ್ಚಿನ ಭಾಗ ಮಳೆ ನಂಬಿದ ಒಣಭೂಮಿ. ಮಳೆ ಕೈಕೊಟ್ಟರೆ ಜನ ಗುಳೆ ಹೋಗುತ್ತಾರೆ. ನಿಧಾನ ಬುದ್ಧಿಯ ಮಗು ಇದ್ದರೆ ಒಂದೋ ಅಜ್ಜಿಯ ಬಳಿ ಬಿಡಬೇಕು, ಇಲ್ಲವೇ ಕಟ್ಟಡದ ಕೆಲಸದ ಜಾಗಕ್ಕೆ ಕರೆತರಬೇಕು.

ಅಂಥ ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಕುಷ್ಟಗಿ ತಾಲೂಕಿನ ಒಂದು ಹಳ್ಳಿ, ಏಳು ವರ್ಷದ ಹುಡುಗ, ಇನ್ನೂ ಮಾತು ಸರಿಯಾಗಿ ಬಂದಿಲ್ಲ. ಅವನಿಗೆ ಸರ್ಕಾರದಿಂದ ಏನೂ ಇಲ್ಲ ಅಂತ ಹೇಳುವ ಹಾಗಿಲ್ಲ. ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ಆರ್‌ಬಿಎಸ್‌ಕೆ ತಂಡ 2013ರಿಂದ ಇದೆ. ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್‌ಗೆ ಆಸ್ಪತ್ರೆ ಇದೆ. ಪಿಂಚಣಿಗೆ ಕಂದಾಯ ಇಲಾಖೆ ಇದೆ. ಓದಿಗೆ ಬಿಆರ್‌ಸಿಯ ವಿಶೇಷ ಶಿಕ್ಷಕರು ಇದ್ದಾರೆ, ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ಹೇಳುವ ವ್ಯವಸ್ಥೆಯೂ ಇದೆ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಥೆರಪಿಯ ಖರ್ಚು ಸಿಗುತ್ತದೆ. ಬಸ್ ಪಾಸ್ ಇದೆ. ಗ್ರಾಮ ಪಂಚಾಯತ್‌ನಲ್ಲಿ ವಿಕಲಚೇತನರಿಗೇ ಮೀಸಲಾದ ಶೇ. 5ರ ಹಣವೂ ಇದೆ.

ಇಷ್ಟೆಲ್ಲ ಇದ್ದೂ ಆ ಮನೆಗೆ ತಲುಪಿದ್ದು ಏನು? ಒಂದೊಂದು ಸೌಲಭ್ಯ ಒಂದೊಂದು ಇಲಾಖೆಯಲ್ಲಿದೆ: ಆರೋಗ್ಯ, ಶಿಕ್ಷಣ, ಕಂದಾಯ, ಪಂಚಾಯತ್‌ರಾಜ್, ವಿಕಲಚೇತನರ ಕಲ್ಯಾಣ. ಒಂದರ ಕಾಗದ ಇಲ್ಲದೆ ಇನ್ನೊಂದರ ಬಾಗಿಲು ತೆರೆಯುವುದಿಲ್ಲ. ಪ್ರಮಾಣಪತ್ರಕ್ಕೆ ಬುದ್ಧಿಯ ಮಟ್ಟ ಅಳೆಯುವ ತಜ್ಞರು ಬೇಕು, ಅವರು ಹಳ್ಳಿಯಲ್ಲಿಲ್ಲ, ಜಿಲ್ಲಾಸ್ಪತ್ರೆಗೇ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ ಟಿಕೆಟ್ ಇಲ್ಲ, ನಿಜ. ಆದರೆ ಒಂದು ದಿನದ ಕೂಲಿ ಹೋಯಿತಲ್ಲ! ಇವತ್ತು ಡಾಕ್ಟರ್ ಇಲ್ಲ, ಮುಂದಿನ ವಾರ ಬನ್ನಿ ಅಂದರೆ ಎರಡು ದಿನದ ಕೂಲಿ. ಸಣ್ಣ ಮಕ್ಕಳಿಗೆ ಸಿಗುವ ಪ್ರಮಾಣಪತ್ರ ಕಾಯಂ ಅಲ್ಲ, ವಯಸ್ಸು ಬೆಳೆದಂತೆ ಮತ್ತೆ ಪರೀಕ್ಷೆ ಮಾಡಿಸಬೇಕು. ಮೂರನೇ ಸಲಕ್ಕೆ ಆ ತಾಯಿ ‘ಇದು ನಮ್ಮ ಹಣೆಬರಹ’ ಅಂತ ಕೈಬಿಟ್ಟರೆ ಅವಳನ್ನು ದೂರುವ ಹಾಗಿಲ್ಲ. ಸೌಲಭ್ಯಗಳ ಕೊರತೆಗಿಂತ, ಇದ್ದದ್ದನ್ನು ಒಂದಕ್ಕೊಂದು ಸೇರಿಸಿ ಆ ಮನೆಬಾಗಿಲಿಗೆ ಮುಟ್ಟಿಸುವವರ ಕೊರತೆಯೇ ಇಲ್ಲಿ ದೊಡ್ಡದು.

ಈ ಕೊರತೆ ತುಂಬಲು ಕರ್ನಾಟಕದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ, ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಪ್ರತಿ ಗ್ರಾಮ ಪಂಚಾಯತ್‌ಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಅಂದರೆ ವಿಆರ್‌ಡಬ್ಲ್ಯು. ಇವರ ಮೇಲೆ ತಾಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಪಟ್ಟಣಗಳಿಗೆ ನಗರ ಪುನರ್ವಸತಿ ಕಾರ್ಯಕರ್ತ. ಇವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು. ಮನೆಮನೆಗೆ ಹೋಗಿ ಗುರುತಿಸುವುದು, ಅರ್ಜಿ ತುಂಬಿಸುವುದು, ಶಿಬಿರಕ್ಕೆ ಕರೆದೊಯ್ಯುವುದು ಇವರ ಕೆಲಸ. ಇದಕ್ಕೆ ಜೊತೆಯಾಗಿ, 1986ರಲ್ಲಿ ಆಗಿನ ರಾಯಚೂರು ಜಿಲ್ಲೆಯಲ್ಲಿ ಆರಂಭವಾದ ‘ಸಮೂಹ’ ಸಂಸ್ಥೆಯು ‘ಸಾಮರ್ಥ್ಯ’ ಎಂಬ ಅಂಗದ ಮೂಲಕ ಕೊಪ್ಪಳ ಭಾಗದಲ್ಲಿ ವಿಕಲಚೇತನರ ನಡುವೆ ಕೆಲಸ ಮಾಡುತ್ತಾ ಬಂದಿದೆ. ಮಗುವನ್ನು ದೂರದ ನಗರದ ಹಾಸ್ಟೆಲ್‌ಗೆ ಒಯ್ಯುವ ಬದಲು ಮನೆ, ಓಣಿ, ಊರಿನ ಶಾಲೆಯಲ್ಲೇ ಅವನ ಬದುಕು ಕಟ್ಟಿಕೊಡಬೇಕೆಂಬ ದಾರಿ ಇದು. ಸಮುದಾಯ ಆಧಾರಿತ ಪುನರ್ವಸತಿ ಎನ್ನುವ ಈ ವಿಚಾರವನ್ನು ವಿಶ್ವ ಆರೋಗ್ಯ ಸಂಸ್ಥೆ 1978ರ ಆಲ್ಮಾ ಅಟಾ ಘೋಷಣೆಯ ನಂತರ ಮುಂದಿಟ್ಟಿತು. 2010ರಲ್ಲಿ ಅದು ಹೊರತಂದ ಮಾರ್ಗಸೂಚಿಯಲ್ಲಿ ಐದು ಕಂಬಗಳಿವೆ: ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣ. ಮೊದಲ ಮೂರನ್ನು ಇಲಾಖೆಗಳು ನೋಡಿಕೊಳ್ಳಬಹುದು. ಉಳಿದೆರಡು ಊರಿನವರ ಕೈಯಲ್ಲಿದೆ.

ಅಲ್ಲಿ ಎಲ್ಲವೂ ಸರಿಯಾಗಿದೆ ಅಂತ ನಾವು ಹೇಳುತ್ತಿಲ್ಲ. ಒಬ್ಬ ವಿಆರ್‌ಡಬ್ಲ್ಯು ತಾನೇ ಕೋಲೂರಿ ನಡೆಯುತ್ತಾ ಇಡೀ ಪಂಚಾಯತ್‌ನ ಹಳ್ಳಿಗಳನ್ನು ಸುತ್ತಬೇಕು. ಸಿಗುವುದು ಗೌರವಧನ, ಕೆಲಸಕ್ಕೆ ಭದ್ರತೆ ಇಲ್ಲ. ಅದಕ್ಕಾಗಿ ಇವರು ಬೀದಿಗಿಳಿದದ್ದೂ ಇದೆ. ಇನ್ನೊಂದು ತೊಡಕು ಗುಳೆಯದ್ದು. ಅಲ್ಲಿನ ಕಾರ್ಯಕರ್ತ ಕಷ್ಟಪಟ್ಟು ಒಂದು ಮಗುವಿನ ಕಡತ ಸಿದ್ಧ ಮಾಡಿರುತ್ತಾನೆ, ಅಷ್ಟರಲ್ಲಿ ಮನೆಗೆ ಬೀಗ ಬಿದ್ದು ಕುಟುಂಬ ಮಂಗಳೂರು ಸೇರಿರುತ್ತದೆ. ಕಡತ ಅಲ್ಲಿ, ಮಗು ಇಲ್ಲಿ. ಹೀಗೆ ಬಂದ ಮಗುವನ್ನು ಇಲ್ಲಿ ಕೈಹಿಡಿದು ವಿಚಾರಿಸುವವರು ಯಾರು?

ಇನ್ನು ನಮ್ಮ ಕಡೆ ನೋಡೋಣ. ಕರಾವಳಿಯಲ್ಲಿ ಸಂಸ್ಥೆಗಳಿವೆ. ಮಂಗಳೂರಿನ ಸೇಂಟ್ ಆಗ್ನೆಸ್ ವಿಶೇಷ ಶಾಲೆ, ಶಕ್ತಿನಗರದ ಸಾನಿಧ್ಯ, ಉಡುಪಿ ಕಡೆಯ ಪಾಂಬೂರಿನ ಮಾನಸ, ಎಂಡೋಸಲ್ಫಾನ್ ಬಾಧಿತರಿಗಾಗಿ ಕೊಕ್ಕಡ, ಕೊಯಿಲದ ಪಾಲನಾ ಕೇಂದ್ರಗಳು ನಮಗೆ ಗೊತ್ತಿರುವ ಹೆಸರುಗಳೇ. ಆದರೂ ಶಾಲೆಯ ವಾಹನ ಬಾರದ ಒಳದಾರಿಯ ಮನೆಗಳಿವೆ, ಹದಿನೆಂಟು ದಾಟಿದ ಮೇಲೆ ಎಲ್ಲಿಗೂ ಹೋಗದೆ ಜಗಲಿಯಲ್ಲಿ ಕೂತ ಯುವಕರಿದ್ದಾರೆ. ಮದ್ರಸಕ್ಕೂ ಕಳಿಸುವುದಿಲ್ಲ. ‘ಅವನಿಗೆ ಹೇಗೂ ಬಾಧ್ಯತೆ ಇಲ್ಲವಲ್ಲ’ ಅನ್ನುವ ಮಾತು ಬರುತ್ತದೆ. ಅವನ ಮೇಲೆ ಬಾಧ್ಯತೆ ಇಲ್ಲದಿರಬಹುದು, ನಮ್ಮ ಮೇಲೆ ಇದೆಯಲ್ಲ! ಇನ್ನೂ ಒಂದು ಕಹಿ ಸಂಗತಿ ಇದೆ. ಮಗಳಿಗೆ ಸಂಬಂಧ ನೋಡಲು ಬರುವವರು ಹಿಂದೆ ಸರಿದಾರು ಎಂಬ ಭಯಕ್ಕೆ ತಮ್ಮನನ್ನೋ ತಂಗಿಯನ್ನೋ ಒಳಗೆ ಬಚ್ಚಿಡುವ ಮನೆಗಳಿವೆ. ಈ ಭಯ ಆ ಮನೆಯವರು ಹುಟ್ಟಿಸಿಕೊಂಡದ್ದಲ್ಲ. ಹೆಣ್ಣು ನೋಡಲು ಹೋಗುವ ನಾವೇ ಹುಟ್ಟಿಸಿದ್ದು.

ಇಂಥ ಮಕ್ಕಳ ಉಪ್ಪ-ಉಮ್ಮಂದಿರನ್ನು ರಾತ್ರಿ ನಿದ್ದೆಗೆಡಿಸುವ ಪ್ರಶ್ನೆ ಒಂದೇ: ನಾವು ಹೋದ ಮೇಲೆ ಇವನಿಗೆ ಯಾರು? ಇದಕ್ಕೆ ಕಾನೂನಿನಲ್ಲಿ ದಾರಿ ಇದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರಬೇಕು. ಹದಿನೆಂಟು ತುಂಬಿದ ಬೌದ್ಧಿಕ ಅಸಾಮರ್ಥ್ಯದ ವ್ಯಕ್ತಿಗೆ ಕಾನೂನುಬದ್ಧ ಪೋಷಕರನ್ನು ಈ ಸಮಿತಿ ನೇಮಿಸುತ್ತದೆ. ಹೆತ್ತವರೇ ಆದರೂ ಹದಿನೆಂಟರ ನಂತರ ಬ್ಯಾಂಕು, ಆಸ್ತಿಯ ವ್ಯವಹಾರಕ್ಕೆ ಈ ಆದೇಶ ಬೇಕಾಗುತ್ತದೆ ಅನ್ನುವುದು ಹಲವರಿಗೆ ಗೊತ್ತಿಲ್ಲ. ಮೀರಾಸಿನ ವಿಷಯವೂ ಇದೆ. ಬುದ್ಧಿ ಕಡಿಮೆ ಅನ್ನುವ ಕಾರಣಕ್ಕೆ ಯಾವ ಮಗನ, ಮಗಳ ಪಾಲೂ ಇಲ್ಲವಾಗುವುದಿಲ್ಲ. ಆದರೆ ‘ನಾವೇ ನೋಡ್ಕೊಳ್ತೇವಲ್ಲ, ಅವನಿಗ್ಯಾಕೆ ಪಾಲು’ ಅಂತ ಅಣ್ಣತಮ್ಮಂದಿರು ಹಂಚಿಕೊಂಡುಬಿಟ್ಟರೆ ಅವನ ಪರ ಕೇಳುವವರಿಲ್ಲ. ಮಯ್ಯತ್ ಆದ ಮನೆಯಲ್ಲಿ ಆಸ್ತಿಯ ಮಾತು ಬಂದಾಗ ಈ ಪಾಲು ಎಲ್ಲಿ ಅಂತ ಕೇಳುವ ಒಂದು ದನಿ ಜಮಾಅತ್‌ನಿಂದ ಬರಬೇಕು. ಪೋಷಕರ ನೇಮಕ ಹೆತ್ತವರು ಬದುಕಿರುವಾಗಲೇ ಆಗಬೇಕು.

ನಮ್ಮ ಜಮಾಅತ್‌ಗಳು ಹೊಸ ಕಟ್ಟಡ ಕಟ್ಟಬೇಕು, ಹೊಸ ಟ್ರಸ್ಟ್ ಮಾಡಬೇಕು ಅಂತ ನಾವು ಹೇಳುವುದಿಲ್ಲ. ಇರುವುದನ್ನು ಜೋಡಿಸಿದರೆ ಸಾಕು. ಗಡಿಯಾಚೆ ಕಾಸರಗೋಡಿನಲ್ಲಿ ಪಂಚಾಯತ್‌ಗಳು ಕುಟುಂಬಶ್ರೀ ಜೊತೆ ಸೇರಿ ‘ಬಡ್ಸ್’ ಶಾಲೆಗಳನ್ನು ನಡೆಸುತ್ತವೆ. ಮಗು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುತ್ತದೆ, ದೊಡ್ಡವರಾದವರಿಗೆ ಬೇರೆ ಪುನರ್ವಸತಿ ಕೇಂದ್ರ ಇದೆ. ನಮ್ಮ ಬಳಿ ಇಂಥದ್ದಕ್ಕೆ ಜಾಗ ಇಲ್ಲವೇ? ಬೆಳಗಿನ ತರಗತಿ ಮುಗಿದ ಮೇಲೆ ಸಂಜೆಯವರೆಗೆ ಖಾಲಿ ಬಿದ್ದಿರುವ ಮದ್ರಸದ ಕೋಣೆಗಳು ಎಷ್ಟಿಲ್ಲ! ಬೆಂಚು, ಫ್ಯಾನ್, ನೀರು, ಶೌಚಾಲಯ ಎಲ್ಲವೂ ಇದೆ. ತರಬೇತಿ ಪಡೆದ ಒಬ್ಬ ವಿಶೇಷ ಶಿಕ್ಷಕಿ, ಸಹಾಯಕ್ಕೆ ಊರಿನ ಇಬ್ಬರು ಹೆಂಗಸರು. ನಾಲ್ಕೈದು ಮೊಹಲ್ಲಾಗಳು ಸೇರಿ ಖರ್ಚು ಹಂಚಿಕೊಂಡರೆ ಭಾರವೇನೂ ಆಗದು. ಪಂಚಾಯತ್‌ನ ಶೇ. 5ರ ಹಣದಲ್ಲಿ ಪಾಲು ಕೇಳುವುದಕ್ಕೂ ದಾರಿ ಇದೆ. ಮಗು ಹಗಲಿನಲ್ಲಿ ನಾಲ್ಕು ಗಂಟೆ ಅಲ್ಲಿದ್ದರೆ ಉಮ್ಮನಿಗೂ ಉಸಿರು ಬಿಡಲು ಪುರುಸೊತ್ತು ಸಿಗುತ್ತದೆ.

ಅದಕ್ಕೂ ಮೊದಲು ಈ ತಿಂಗಳೇ ಮಾಡಬಹುದಾದ ಸಣ್ಣ ಕೆಲಸಗಳಿವೆ. ನಮ್ಮ ಪಂಚಾಯತ್‌ನ ವಿಆರ್‌ಡಬ್ಲ್ಯು ಯಾರು ಅಂತ ಪಂಚಾಯತ್ ಕಚೇರಿಯಲ್ಲಿ ಕೇಳಿ, ಅವರನ್ನು ಜುಮಾ ಕಳೆದ ಮೇಲೆ ಹತ್ತು ನಿಮಿಷ ಮಾತಾಡಲು ಕರೆಯೋಣ. ಮಸೀದಿ ಸಮಿತಿಯಲ್ಲಿ ಒಬ್ಬರಿಗೆ, ಹೆಂಗಸರ ನಡುವಿನಿಂದ ಇನ್ನೊಬ್ಬರಿಗೆ ಈ ಹೊಣೆ ವಹಿಸೋಣ. ಆ ಹೆಂಗಸು ಬಹಳ ಮುಖ್ಯ. ಒಳಕೋಣೆಯ ಬಾಗಿಲು ತೆರೆಯುವುದು ಅವರಿಗೆ ಮಾತ್ರ. ಹೆಸರುಗಳ ಪಟ್ಟಿ ಆ ಇಬ್ಬರ ಬಳಿ ಮಾತ್ರ ಇರಲಿ, ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುವುದು ಬೇಡ. ಮಗುವಿನ ಫೋಟೊ ಯಾವ ಬ್ಯಾನರ್‌ನಲ್ಲೂ ಬೇಡ. ಒಂದೊಂದು ಮಗುವಿಗೂ ಪ್ರಮಾಣಪತ್ರ ಇದೆಯೇ, ಯುಡಿಐಡಿ ಆಗಿದೆಯೇ, ಪಿಂಚಣಿ ಬರುತ್ತಿದೆಯೇ, ನಿರಾಮಯ ಮಾಡಿಸಿದ್ದಾರೆಯೇ, ಹದಿನೆಂಟಾಗಿದ್ದರೆ ಪೋಷಕರ ಆದೇಶ ಇದೆಯೇ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಆಸ್ಪತ್ರೆಗೆ ಹೋಗುವ ದಿನ ಊರಿನ ಯಾರದೋ ಕಾರು, ಜೊತೆಗೊಬ್ಬ ಯುವಕ ಇದ್ದರೆ ಆ ಉಮ್ಮ ಒಬ್ಬಳೇ ಸಾಲಿನಲ್ಲಿ ನಿಲ್ಲಬೇಕಾಗುವುದಿಲ್ಲ.

ಈ ಪಟ್ಟಿ ನಮ್ಮವರ ಮನೆಗಳಿಗೇ ನಿಲ್ಲಬಾರದು. ನಮ್ಮ ಲೈನ್ ಮನೆಯಲ್ಲಿ ಬಾಡಿಗೆಗಿರುವ ಯಲಬುರ್ಗಾದ ಕುಟುಂಬದ ಮಗು ಕೂಡ ಅದರಲ್ಲಿರಬೇಕು. ಬಾಡಿಗೆ ವಸೂಲಿಗೆ ಹೋದವರು ‘ಈ ಹುಡುಗನಿಗೆ ಊರಲ್ಲಿ ಕಾರ್ಡ್ ಆಗಿದೆಯಾ, ಶಾಲೆಗೆ ಹೋಗ್ತಾನಾ’ ಅಂತ ಒಂದು ಮಾತು ಕೇಳಿದರೆ ಸಾಕು. ಅವನ ಕೊಪ್ಪಳದ ಕಡತಕ್ಕೆ ಇಲ್ಲಿ ಒಬ್ಬ ಜೊತೆಗಾರ ಸಿಕ್ಕಂತಾಗುತ್ತದೆ.